ಬೇಸಿಗೆಯಲ್ಲಿ ಅಮಾಲ್ಫಿ ಕರಾವಳಿಗೆ ಹೋಗುವವರಿಗೆ

ಜುಲೈ, ಆಗಸ್ಟ್‌ನಲ್ಲಿ ಇಟಲಿಯ ಅಮಾಲ್ಫಿ ಕರಾವಳಿಗೆ ಹೊರಟಿದ್ದೀರಾ? ಕಾರು ಬಾಡಿಗೆಗೆ ತಗೋಬೇಡಿ. ರಸ್ತೆ ಇಕ್ಕಟ್ಟು, ಪಾರ್ಕಿಂಗ್ ಸಿಗೋದೇ ಕಷ್ಟ. ಸಲೆರ್ನೊ ನಗರದವರೆಗೆ ರೈಲಿನಲ್ಲಿ ಬಂದು ದೋಣಿ ಹತ್ತಿ. ಬಂಡೆಗೆ ಅಂಟಿಕೊಂಡ ಆ ಮನೆಗಳು ಚೆನ್ನಾಗಿ ಕಾಣೋದು ಸಮುದ್ರದಿಂದಲೇ.

ನಡೆಯೋಕೆ ಇಷ್ಟ ಇದ್ದರೆ 'ದೇವತೆಗಳ ದಾರಿ' ಎಂಬ ಬೆಟ್ಟದ ಕಾಲುದಾರಿಯನ್ನು ಬಿಡಲೇಬೇಡಿ. ಬೊಮೆರಾನೊ ಹಳ್ಳಿಯಿಂದ ಶುರು ಮಾಡಿ ನೊಚೆಲ್ಲೆ ಹಳ್ಳಿ ಕಡೆ ಬನ್ನಿ, ಇಳಿಜಾರೇ ಜಾಸ್ತಿ. ಬೆಳಿಗ್ಗೆ 7ಕ್ಕೇ ಹೊರಡಿ. ದಾರಿಯಲ್ಲಿ ನೆರಳು ಕಡಿಮೆ, 10ರ ನಂತರ ಬಿಸಿಲು ಸುಡುತ್ತದೆ. ತಲಾ 2 ಲೀಟರ್ ನೀರು ಇರಲಿ. ನೊಚೆಲ್ಲೆಯಿಂದ ಕೆಳಗಿನ ರಸ್ತೆಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿದ್ದವರು ಮೆಟ್ಟಿಲು ಇಳಿಯದೆ ನೊಚೆಲ್ಲೆಯಿಂದಲೇ ಕೆಳಗಿನ ಪೊಸಿಟಾನೊ ಊರಿಗೆ ಬಸ್ ಹಿಡಿಯಿರಿ.

ಇಳಿದ ಮೇಲೆ ಒಂದು ಲೋಟ ನಿಂಬೆ ಗ್ರಾನಿತಾ (ಪುಡಿ ಐಸಿನ ತಂಪು ಪಾನೀಯ) ಕುಡಿಯಿರಿ. ಅಲ್ಲಿನ ನಿಂಬೆ ಉದ್ದಕ್ಕೆ, ದಪ್ಪ ಸಿಪ್ಪೆಯದು. ಸಿಪ್ಪೆ ಚಿವುಟಿದರೆ ಸಾಕು, ಬೆರಳೆಲ್ಲ ಘಮಘಮ!