ಒಣ ತುಟಿಗೆ ಹಚ್ಚುವುದನ್ನು ಆರಿಸಿಕೊಂಡ ಬಗೆ: ನನ್ನ ಅನುಭವ

ಶಿರಸಿ ಸೀಮೆಯ ತೇವದ ಗಾಳಿಯಲ್ಲಿ ಬೆಳೆದ ನನಗೆ ತುಟಿ ಒಡೆಯುವುದು ಕಲಬುರಗಿಗೆ ಬಂದು ನೆಲೆಸುವವರೆಗೆ ಒಂದು ಸಮಸ್ಯೆಯಾಗಿ ಕಂಡಿರಲಿಲ್ಲ. ಇಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಒಣ ಚಳಿಗಾಳಿ, ಅದು ಮುಗಿಯುತ್ತಿದ್ದಂತೆ 40 ಡಿಗ್ರಿಯನ್ನು ದಾಟುವ ಒಣ ಬಿಸಿಲು. ಮಳೆಗಾಲವೊಂದನ್ನು ಬಿಟ್ಟರೆ ತುಟಿಗೆ ಬಿಡುವೆಂಬುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಲಿಪ್ ಬಾಮ್‌ಗಳಲ್ಲಿ ಹೆಚ್ಚಿನವು ನನ್ನ ತುಟಿಗೆ ಹಚ್ಚಿದ ಕೂಡಲೇ ಚುರುಗುಟ್ಟುತ್ತಿದ್ದವು, ಗಂಟೆಯೊಳಗೆ ಮೊದಲಿಗಿಂತ ಹೆಚ್ಚು ಬಿಗಿಯೆನಿಸುತ್ತಿದ್ದವು. ಹಾಗಾಗಿ ಬಾಮನ್ನು ಹೆಸರು ನೋಡಿ ಕೊಳ್ಳುವುದನ್ನು ಬಿಟ್ಟು, ಅದರಲ್ಲಿರುವ ಪದಾರ್ಥಗಳನ್ನು ಒಂದೊಂದಾಗಿ ಅರಿತು ಆರಿಸುವ ದಾರಿಯನ್ನು ಹಿಡಿದೆ. ಈ ಬರಹ ಆ ಆಯ್ಕೆಯ ಕುರಿತದ್ದು.

ತುಟಿಯ ಚರ್ಮ ಮೈಯ ಉಳಿದ ಚರ್ಮದಂತಲ್ಲ. ಅದರ ಮೇಲ್ಪದರ ಬಹಳ ತೆಳು; ಅಲ್ಲಿ ಕೂದಲಿನ ಬುಡಗಳಿಲ್ಲ, ಬೆವರಿನ ಗ್ರಂಥಿಗಳಿಲ್ಲ, ಸಾಮಾನ್ಯವಾಗಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳೂ ಇಲ್ಲ. ಕೆನ್ನೆ ತನ್ನ ಎಣ್ಣೆಯನ್ನು ತಾನೇ ಒದಗಿಸಿಕೊಳ್ಳುತ್ತದೆ, ತುಟಿಗೆ ಆ ಅನುಕೂಲವಿಲ್ಲ. ಒಳಗಿನ ನೀರು ಆ ತೆಳುಪದರದ ಮೂಲಕ ಬೇಗ ಆರಿಹೋಗುತ್ತದೆ. ಒಣಗಿತೆಂದು ನಾಲಿಗೆಯಿಂದ ಸವರಿಕೊಂಡರೆ ಎಂಜಲು ಆರುವಾಗ ಇನ್ನಷ್ಟು ನೀರನ್ನು ಕೊಂಡೊಯ್ಯುತ್ತದೆ, ಜೊತೆಗೆ ಅದರಲ್ಲಿರುವ ಜೀರ್ಣಕಾರಿ ಕಿಣ್ವಗಳು ಮೊದಲೇ ಬಿರಿದ ಚರ್ಮವನ್ನು ಕೆರಳಿಸುತ್ತವೆ. ಆದ್ದರಿಂದ ತುಟಿಗೆ ಹಚ್ಚುವ ಪದಾರ್ಥದ ಮೊದಲ ಕೆಲಸ ನೀರನ್ನು ತಂದು ಸುರಿಯುವುದಲ್ಲ, ಇರುವ ನೀರು ಹೋಗದಂತೆ ತಡೆಯುವುದು. ಈ ಒಂದು ಮಾತನ್ನು ಹಿಡಿದುಕೊಂಡರೆ ಡಬ್ಬಿಯ ಮೇಲಿನ ಉದ್ದನೆಯ ಪಟ್ಟಿಯಲ್ಲಿ ಯಾವುದು ಕೆಲಸದ್ದು, ಯಾವುದು ಅಲಂಕಾರಕ್ಕೆ ಸೇರಿಸಿದ್ದು ಎಂಬುದು ಬೇಗ ತಿಳಿಯುತ್ತದೆ.

ನಾನು ಸೇರಿಸುವುದಕ್ಕಿಂತ ಮೊದಲು ತೆಗೆದುಹಾಕುವುದರಿಂದ ಆರಂಭಿಸಿದೆ. ಮೆಂಥಾಲ್, ಕರ್ಪೂರ, ಪುದೀನ ಎಣ್ಣೆ, ನೀಲಗಿರಿ ಎಣ್ಣೆ ಇವು ಹಚ್ಚಿದಾಗ ತಂಪೆನಿಸುತ್ತವೆ. ಆ ತಂಪು ನರಗಳಿಗೆ ಆಗುವ ಭಾವನೆಯೇ ಹೊರತು ತೇವವಲ್ಲ, ಒಡೆದ ತುಟಿಯ ಮೇಲೆ ಅದೇ ಉರಿಯಾಗುತ್ತದೆ. ‘ಔಷಧಯುಕ್ತ’ ಎಂದು ಮಾರುವ ಕೆಲವು ಬಾಮ್‌ಗಳಲ್ಲಿ ಇರುವ ಫೀನಾಲ್ ಮತ್ತು ಸ್ಯಾಲಿಸಿಲಿಕ್ ಆಮ್ಲಗಳು ಸಿಪ್ಪೆಯನ್ನು ಕಿತ್ತುಹಾಕುವ ಗುಣದವು. ಸಿಪ್ಪೆ ಹೋದ ಜಾಗ ನುಣುಪೆನಿಸುತ್ತದೆ, ಆದರೆ ಕೆಳಗಿನ ಹಸಿ ಪದರ ಸಿದ್ಧವಾಗುವ ಮೊದಲೇ ಗಾಳಿಗೆ ಒಡ್ಡಿಕೊಳ್ಳುತ್ತದೆ. ದಾಲ್ಚಿನ್ನಿಯ ಸುವಾಸನೆಯನ್ನೂ ‘ತುಟಿ ತುಂಬಿದಂತೆ’ ಕಾಣಿಸುವ ಬಾಮ್‌ಗಳನ್ನೂ ಇದೇ ಸಾಲಿಗೆ ಸೇರಿಸಿದೆ. ಆ ತುಂಬುವಿಕೆ ಹೆಚ್ಚಿನ ಪಾಲು ಕೆರಳಿಕೆಯ ಊತ. ಮನೆಮದ್ದುಗಳಲ್ಲಿ ನಿಂಬೆರಸ ಮತ್ತು ಸಕ್ಕರೆಯ ಉಜ್ಜುವಿಕೆಯನ್ನು ಮೊದಲು ಕೈಬಿಟ್ಟೆ; ಆಮ್ಲದ ಉರಿಯ ಜೊತೆಗೆ ನಿಂಬೆಯ ಸಿಪ್ಪೆಯ ಎಣ್ಣೆ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು ಕಪ್ಪಾಗಿಸಬಲ್ಲದು. ಹೊಕ್ಕುಳಿಗೆ ಎಣ್ಣೆ ಬಿಟ್ಟರೆ ತುಟಿ ಒಡೆಯುವುದಿಲ್ಲ ಎಂಬ ಹಿರಿಯರ ಮಾತನ್ನು ನಾನು ವಿರೋಧಿಸಲಿಲ್ಲ. ಅದರಿಂದ ತುಟಿಗೆ ಲಾಭವಿಲ್ಲದಿದ್ದರೂ ಉರಿಯಂತೂ ಇಲ್ಲ.

ಸುಗಂಧದ ವಿಷಯದಲ್ಲಿ ನನಗೆ ಊಹೆಗಿಂತ ಗಟ್ಟಿಯಾದ ಆಧಾರ ಬೇಕಿತ್ತು. ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ಮಾಡಿಸಲು ಹೇಳಿದರು. ಬೆನ್ನಿನ ಮೇಲೆ ಪದಾರ್ಥಗಳನ್ನು ಪುಟ್ಟ ಬಟ್ಟಲಿನಂತಹ ಪಟ್ಟಿಗಳಲ್ಲಿ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡಿ, ಮತ್ತೊಮ್ಮೆ ಸುಮಾರು ನಾಲ್ಕನೆಯ ದಿನ ನೋಡುವ ಪರೀಕ್ಷೆ ಅದು. ತಡವಾಗಿ ಏಳುವ ಅಲರ್ಜಿಯನ್ನು ಎರಡನೆಯ ನೋಟವೇ ಹಿಡಿಯುತ್ತದೆ. ನನಗೆ ಕೆಂಪೆದ್ದದ್ದು ಸುಗಂಧಗಳ ಮಿಶ್ರಣಕ್ಕೆ. ಆ ಮಿಶ್ರಣದಲ್ಲಿ ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನ್ನಮಾಲ್, ಗುಲಾಬಿಯಲ್ಲಿರುವ ಜೆರಾನಿಯಾಲ್ ಇವೆಲ್ಲ ಸೇರಿರುತ್ತವೆ. ‘ಗುಲಾಬಿಯ ಸಹಜ ಸಾರ’ವೆಂಬ ಬಾಮ್ ನನಗೇಕೆ ಒಗ್ಗಲಿಲ್ಲವೆಂಬುದಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಗಿಡದಿಂದ ಬಂದದ್ದೆಲ್ಲ ಸೌಮ್ಯವೆಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ಅಲರ್ಜಿಗೆ ಮಾತ್ರ ಗಿಡ ಮತ್ತು ಕಾರ್ಖಾನೆಯ ಭೇದ ಗೊತ್ತಿಲ್ಲ.

ಲೇಬಲ್ ಓದುವ ಕ್ರಮವೂ ಸರಳ. ನಮ್ಮ ದೇಶದ ನಿಯಮದಂತೆ ಶೇಕಡಾ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂಭಾಗದಲ್ಲಿ ದೊಡ್ಡದಾಗಿ ಕೋಕಂ ಅಥವಾ ಜೇನಿನ ಚಿತ್ರವಿದ್ದು, ಹಿಂಭಾಗದ ಪಟ್ಟಿಯಲ್ಲಿ ಅದು ಬಣ್ಣ ಮತ್ತು ಸುವಾಸನೆಯ ಆಚೆಗೆ ನಿಂತಿದ್ದರೆ ಅದು ಹೆಸರಿಗಷ್ಟೇ ಇದೆಯೆಂದು ತಿಳಿಯಬಹುದು. ಪರ್ಫ್ಯೂಮ್, ಫ್ರೇಗ್ರೆನ್ಸ್, ಫ್ಲೇವರ್, ಅರೋಮಾ ಎಂಬ ಒಂದೊಂದು ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದಾದ್ದರಿಂದ ಆ ಪದ ಕಂಡ ಕೂಡಲೇ ಡಬ್ಬಿಯನ್ನು ಕೆಳಗಿಡುತ್ತೇನೆ.

ಹೊಸದನ್ನು ಪರೀಕ್ಷಿಸುವ ಮೊದಲು ತುಟಿ ಒಂದು ಶಾಂತ ಸ್ಥಿತಿಗೆ ಬರಬೇಕಿತ್ತು. ಕೆಲವು ವಾರ ಸುಗಂಧವಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯೊಂದನ್ನೇ ಹಚ್ಚಿದೆ. 1872ರಲ್ಲಿ ರಾಬರ್ಟ್ ಚೀಸ್‌ಬ್ರೊ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ಹಳೆಯ ವಸ್ತುವಿನ ಬಗ್ಗೆ ಈಗ ಒಂದು ಬಗೆಯ ಮುಖ ಸಿಂಡರಿಸುವಿಕೆ ಇದೆ. ಆದರೆ ನೀರು ಆರಿಹೋಗುವುದನ್ನು ತಡೆಯುವುದರಲ್ಲಿ ಇದಕ್ಕೆ ಸಮನಾದದ್ದು ವಿರಳ, ಚೆನ್ನಾಗಿ ಶುದ್ಧೀಕರಿಸಿದ ಜೆಲ್ಲಿಗೆ ಅಲರ್ಜಿಯಾಗುವುದಂತೂ ಇನ್ನೂ ವಿರಳ. ಅದೇ ಅವಧಿಯಲ್ಲಿ ಟೂತ್‌ಪೇಸ್ಟನ್ನೂ ಬದಲಿಸಿದೆ. ಸಾಮಾನ್ಯ ಪೇಸ್ಟ್‌ನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಮತ್ತು ಗಾಢವಾದ ಪುದೀನ ಅಥವಾ ಲವಂಗದ ಸುವಾಸನೆ ಇರುತ್ತವೆ, ಅವು ದಿನಕ್ಕೆರಡು ಬಾರಿ ತುಟಿಯ ಅಂಚನ್ನು ತೊಳೆಯುತ್ತವೆ. ನೊರೆ ಕಡಿಮೆಯಿರುವ, ಸುವಾಸನೆಯಿಲ್ಲದ, ಫ್ಲೋರೈಡ್ ಇರುವ ಪೇಸ್ಟ್‌ಗೆ ಬಂದ ಮೇಲೆ ಕೆಳತುಟಿಯ ಅಂಚಿನ ಕೆಂಪು ಇಳಿಯಿತು. ಬಾಮಿನ ತಪ್ಪೆಂದು ತೋರುವ ಎಷ್ಟೋ ತೊಂದರೆಗಳ ಮೂಲ ಬಾಯಿಯೊಳಗೇ ಇರುತ್ತದೆ.

ಜೆಲ್ಲಿ ರಾತ್ರಿಗೆ ಒಳ್ಳೆಯದು, ಹಗಲಿಗೆ ನನಗೆ ಸಾಲಲಿಲ್ಲ. ಊಟಕ್ಕೆ ಕುಳಿತರೆ ರೊಟ್ಟಿಯ ಜೊತೆಗೇ ಒರೆಸಿಹೋಗುತ್ತದೆ, ಕಲಬುರಗಿಯ ಏಪ್ರಿಲ್ ಸೆಕೆಯಲ್ಲಿ ಕರಗಿ ಗಲ್ಲಕ್ಕೆ ಇಳಿಯುತ್ತದೆ. ತುಟಿಗೆ ಅಂಟಿ ನಿಲ್ಲಲು ಮೇಣ ಬೇಕು. ಇಲ್ಲಿಂದ ಒಂದೊಂದೇ ಪದಾರ್ಥವನ್ನು ಸೇರಿಸುತ್ತ ಹೋದೆ. ಪ್ರತಿಯೊಂದನ್ನೂ ಮೊದಲು ಮೊಣಕೈಯ ಒಳಮಡಿಕೆಗೆ ದಿನಕ್ಕೆ ಎರಡು ಬಾರಿ, ಒಂದು ವಾರ ಹಚ್ಚಿ, ಕೆಂಪು ಅಥವಾ ತುರಿಕೆ ಏಳದಿದ್ದರೆ ಮಾತ್ರ ತುಟಿಗೆ ತಂದೆ. ಎರಡು ಹೊಸ ವಸ್ತುಗಳನ್ನು ಒಟ್ಟಿಗೆ ಆರಂಭಿಸಿದರೆ ಯಾವುದು ಕೆರಳಿಸಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ನಮ್ಮ ಬೇಸಿಗೆಗೆ ಅದು ಜಗ್ಗುವುದಿಲ್ಲ. ಊರಿನ ಕಡೆಯ ಜೇನು ಸಾಕುವವರಿಂದ ತರಿಸಿದ ಮೇಣವನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮೇಲೆ ಹೆಪ್ಪುಗಟ್ಟಿದ ಬಿಲ್ಲೆಯನ್ನು ತೆಗೆದು, ಅಡಿಗಂಟಿದ ಕಸವನ್ನು ಕೆರೆದು ಒಣಗಿಸಿಟ್ಟುಕೊಂಡೆ. ಸೋಸದ ಮೇಣದಲ್ಲಿ ಜೇನುಹುಳುಗಳು ಗೂಡಿನ ಬಿರುಕು ಮುಚ್ಚಲು ಬಳಸುವ ರಾಳ, ಅಂದರೆ ಪ್ರೊಪೊಲಿಸ್, ಉಳಿದಿರುತ್ತದೆ. ಅದು ಗುರುತಿಸಲ್ಪಟ್ಟ ಅಲರ್ಜಿಕಾರಕ. ನನಗೆ ತೊಂದರೆಯಾಗಲಿಲ್ಲ.

ನನ್ನ ಆಯ್ಕೆಯಲ್ಲಿ ನಡುವಿನ ಸ್ಥಾನ ಮುರುಗಲು ತುಪ್ಪದ್ದು. ಕೋಕಂ, ದಕ್ಷಿಣ ಕನ್ನಡದವರ ಪುನರ್ಪುಳಿ, ಇದರ ಬೀಜದ ಕೊಬ್ಬು. ನಮ್ಮ ಕಡೆ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟಿಡುತ್ತಾರೆ; ಚಳಿಗಾಲದಲ್ಲಿ ಹಿಮ್ಮಡಿಯ ಬಿರುಕಿಗೂ ತುಟಿಗೂ ಅದನ್ನೇ ಸವರುವುದು ವಾಡಿಕೆ. ಅದರಲ್ಲಿ ಹೆಚ್ಚಿನ ಪಾಲು ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ಕೊಬ್ಬಿನ ಆಮ್ಲಗಳು. ಸ್ಟಿಯರಿಕ್ ಹೆಚ್ಚಿರುವುದರಿಂದ ಅದು ಕೋಣೆಯ ಉಷ್ಣತೆಯಲ್ಲಿ ಗಟ್ಟಿ ಮತ್ತು ಬಿರುಸು, ಬೆರಳಿನಿಂದ ತೆಗೆಯಲು ಬರುವುದಿಲ್ಲ. ಸುಮಾರು 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಆಫ್ರಿಕಾದ ಮರವೊಂದರ ಬೀಜದ ಕೊಬ್ಬಾದ ಶಿಯಾ ಬೆಣ್ಣೆ ಹೆಚ್ಚು ಮೃದು, ಆದರೆ ಇಲ್ಲಿನ ಬೇಸಿಗೆಯಲ್ಲಿ ಕರಗಿ, ಮತ್ತೆ ನಿಧಾನವಾಗಿ ಹೆಪ್ಪುಗಟ್ಟಿ, ರವೆಯಂತೆ ಹರಳುಗಟ್ಟುತ್ತದೆ. ಮುರುಗಲು ತುಪ್ಪ ಆ ವಿಷಯದಲ್ಲಿ ಹೆಚ್ಚು ನಂಬಿಗಸ್ತ. ಮನೆಯಲ್ಲಿ ತೆಗೆದ ಉಂಡೆಯಲ್ಲಿ ತೇವ ಮತ್ತು ಹೊಗೆಯ ವಾಸನೆ ಉಳಿದಿರಬಹುದಾದ್ದರಿಂದ ಕರಗಿಸಿ, ಸಣ್ಣ ಉರಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಇಟ್ಟು ಸೋಸಿದೆ.

ಎಣ್ಣೆಯ ಆಯ್ಕೆಯಲ್ಲಿ ಬೇಗ ತೀರ್ಮಾನಕ್ಕೆ ಬಂದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುವುದರಿಂದ ಬಾಮ್ ತೆಳ್ಳಗಾಗುತ್ತದೆ. ಹರಳೆಣ್ಣೆ ದಪ್ಪವಾಗಿ, ಹೊಳಪಿನಿಂದ ತುಟಿಗೆ ಅಂಟುತ್ತದೆ, ಲಿಪ್‌ಸ್ಟಿಕ್‌ಗಳಲ್ಲಿ ಅದು ಇರುವುದೂ ಅದಕ್ಕಾಗಿಯೇ. ಆದರೆ ಅದರ ರಿಸಿನೊಲಿಯಿಕ್ ಆಮ್ಲ ಕೆಲವರ ತುಟಿಗೆ ಅಲರ್ಜಿ ತರುವುದು ದಾಖಲಾಗಿರುವ ಸಂಗತಿಯಾದ್ದರಿಂದ ನಾನು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲಿಲ್ಲ. ಕೊನೆಗೆ ಉಳಿದದ್ದು ಸುಗಂಧವಿಲ್ಲದ ಸಿಹಿ ಬಾದಾಮಿ ಎಣ್ಣೆ. ಕೂದಲಿಗೆಂದು ಮಾರುವ ಹಲವು ಬಾದಾಮಿ ಎಣ್ಣೆಗಳಲ್ಲಿ ಹೆಚ್ಚಿನ ಪಾಲು ಖನಿಜ ತೈಲ ಮತ್ತು ಸುಗಂಧವಿರುವುದರಿಂದ ಇಲ್ಲಿಯೂ ಲೇಬಲ್ಲನ್ನು ಓದಲೇಬೇಕು. ಬಾದಾಮಿಯಂತಹ ಬೀಜಗಳ ಅಲರ್ಜಿಯುಳ್ಳವರು ಇದನ್ನು ಮುಟ್ಟಬಾರದು. ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯ ಕೊಬ್ಬು, ಒಣ ತುಟಿಗೆ ನಿಜಕ್ಕೂ ಒಳ್ಳೆಯ ವಸ್ತು. ಆದರೂ ವಸ್ತುಗಳು ತಾಗುವುದರಿಂದ ಬರುವ ಚರ್ಮರೋಗಗಳ ತಜ್ಞರ ಅಮೆರಿಕದ ಸಂಘ 2023ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತ್ತು. ಸಂವೇದನೆ ಹೆಚ್ಚಿರುವ ನನ್ನಂಥವರಿಗೆ ಅದಿಲ್ಲದೆಯೂ ನಡೆಯುತ್ತದೆ.

ಜೇನು, ಗ್ಲಿಸರಿನ್, ಹಯಾಲುರಾನಿಕ್ ಆಮ್ಲ ಇವು ನೀರನ್ನು ಹಿಡಿದಿಡುವ ಪದಾರ್ಥಗಳು. ಗಾಳಿಯಲ್ಲಿ ತೇವವಿಲ್ಲದ ಊರಿನಲ್ಲಿ ಇವನ್ನು ಮಾತ್ರ ಹಚ್ಚಿಕೊಂಡರೆ ಅವು ಚರ್ಮದ ಒಳಪದರದ ನೀರನ್ನೇ ಮೇಲಕ್ಕೆಳೆದು ಗಾಳಿಗೆ ಬಿಡಬಹುದು. ಮೇಲೊಂದು ಮೇಣದ ಅಥವಾ ಜೆಲ್ಲಿಯ ಹೊದಿಕೆ ಇದ್ದರಷ್ಟೇ ಪ್ರಯೋಜನ. ಅಲ್ಲದೆ ಇವು ಎಣ್ಣೆಯಲ್ಲಿ ಬೆರೆಯದೆ ಅಡಿಗೆ ಇಳಿಯುತ್ತವೆ, ಬೆರೆಸಲು ಹೊರಟರೆ ಎಣ್ಣೆಯನ್ನೂ ನೀರನ್ನೂ ಒಂದುಗೂಡಿಸುವ ಪದಾರ್ಥ ಬೇಕು, ನೀರು ಸೇರಿದರೆ ಕೆಡದಂತೆ ಕಾಯುವ ಸಂರಕ್ಷಕವೂ ಬೇಕಾಗುತ್ತದೆ. ಜೇನು ಸವರಿದ ತುಟಿಯನ್ನು ನೆಕ್ಕದೆ ಇರುವ ಸಂಯಮವಂತೂ ನನಗಿಲ್ಲ. ಹಾಗಾಗಿ ನೀರಿನ ಅಂಶವೇ ಇಲ್ಲದ ಬಾಮ್ ಮಾಡಿದೆ; ನೀರಿಲ್ಲದ ಕಡೆ ಬೂಷ್ಟು ಬೆಳೆಯುವುದಿಲ್ಲವಾದ್ದರಿಂದ ಸಂರಕ್ಷಕವೂ ಬೇಕಾಗುವುದಿಲ್ಲ. ಡಬ್ಬಿ ಮತ್ತು ಚಮಚ ಪೂರ್ತಿ ಒಣಗಿರಬೇಕೆಂಬುದೊಂದೇ ಕಟ್ಟುನಿಟ್ಟು.

ಈಗ ನಾನು ತೂಕದ ಲೆಕ್ಕದಲ್ಲಿ ಮೇಣ 6 ಗ್ರಾಂ, ಮುರುಗಲು ತುಪ್ಪ 4 ಗ್ರಾಂ, ಬಾದಾಮಿ ಎಣ್ಣೆ 20 ಗ್ರಾಂ ತೆಗೆದುಕೊಳ್ಳುತ್ತೇನೆ. ಚಮಚದ ಲೆಕ್ಕ ಇಲ್ಲಿ ಸಲ್ಲದು, ಸಣ್ಣ ತಕ್ಕಡಿ ಬೇಕು. ನೇರ ಉರಿಗೆ ಇಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಮೊದಲು ಮೇಣವನ್ನು, ಅದು ಕರಗಿದ ಮೇಲೆ ತುಪ್ಪವನ್ನು, ಕೊನೆಗೆ ಎಣ್ಣೆಯನ್ನು ಸೇರಿಸುತ್ತೇನೆ. ತಣ್ಣನೆಯ ಚಮಚದ ಮೇಲೆ ಒಂದು ಹನಿ ಬಿಟ್ಟು, ಗಟ್ಟಿಯಾದ ಮೇಲೆ ಬೆರಳಿನಿಂದ ಸವರಿ ನೋಡಿದರೆ ಹದ ತಿಳಿಯುತ್ತದೆ; ಎಳೆದಂತಾದರೆ ಸ್ವಲ್ಪ ಎಣ್ಣೆ, ಹರಿದರೆ ಚಿಟಿಕೆ ಮೇಣ. ಮಾರ್ಚ್ ಬಂದ ಮೇಲೆ ಮೇಣವನ್ನು 8 ಗ್ರಾಂಗೆ ಏರಿಸುತ್ತೇನೆ. ಒಮ್ಮೆಗೆ ಕಡಿಮೆ ಮಾಡಿಕೊಳ್ಳುವುದೇ ಲೇಸು, ಏಕೆಂದರೆ ಬಾದಾಮಿ ಎಣ್ಣೆ ಹಳತಾದರೆ ಕಮಟು ವಾಸನೆ ಬರುತ್ತದೆ, ಕಮಟಿದ ಎಣ್ಣೆ ತುಟಿಯನ್ನು ಕೆರಳಿಸುತ್ತದೆ.

ಬಿಸಿಲಿನ ರಕ್ಷಣೆಯನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಿಲ್ಲ. ಸತುವಿನ ಆಕ್ಸೈಡ್ ಪುಡಿಯನ್ನು ಬಾಮಿಗೆ ಕಲಸಿದರೆ ಅದು ಸಮನಾಗಿ ಹರಡಿತೇ, ಎಷ್ಟು ತಡೆಯುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಅಳೆಯಲಾಗದು. ಕೆಳತುಟಿ ನೇರ ಬಿಸಿಲಿಗೆ ಒಡ್ಡಿಕೊಳ್ಳುವುದರಿಂದ ಹೊರಗಿನ ಕೆಲಸವಿದ್ದ ದಿನ ಎಸ್‌ಪಿಎಫ್, ಅಂದರೆ ಬಿಸಿಲನ್ನು ತಡೆಯುವ ಅಳತೆ, 30 ಇರುವ, ಸತುವಿನ ಆಕ್ಸೈಡ್ ಆಧಾರಿತ, ಸುಗಂಧವಿಲ್ಲದ ಬಾಮನ್ನು ಕೊಂಡು ಬಳಸುತ್ತೇನೆ. ಬಿಸಿಲು ತಡೆಯಲು ಹಾಕುವ ಆಕ್ಸಿಬೆನ್‌ಝೋನ್ ಎಂಬ ರಾಸಾಯನಿಕ ಇರುವವು ಕೆಲವರಿಗೆ ಅಲರ್ಜಿ ತರುತ್ತವೆಯಾದ್ದರಿಂದ ಅವನ್ನು ಬಿಟ್ಟಿದ್ದೇನೆ.

ಬ್ಯಾಡಗಿ ಮೆಣಸಿನಕಾಯಿಯ ಖಾರ ಮತ್ತು ಶೇಂಗಾ ಚಟ್ನಿಯ ಊಟಕ್ಕೆ ಮುಂಚೆ ಬಾಮಿನ ತೆಳು ಪದರವೊಂದನ್ನು ಹಚ್ಚಿಕೊಂಡರೆ ಉರಿ ಬಹಳ ತಗ್ಗುತ್ತದೆ. ಮಾವಿನ ಕಾಲದಲ್ಲಿ ಹಣ್ಣನ್ನು ಸಿಪ್ಪೆಸಹಿತ ಕಚ್ಚಿ ಚೀಪುವುದನ್ನು ಬಿಟ್ಟಿದ್ದೇನೆ, ತೊಟ್ಟಿನ ಸೊನೆ ಮತ್ತು ಸಿಪ್ಪೆಯ ಅಂಶಗಳು ತುಟಿಯ ಸುತ್ತ ಗುಳ್ಳೆ ಎಬ್ಬಿಸಬಲ್ಲವು. ತುಟಿಯ ಮೂಲೆಗಳು ಸೀಳಿದಂತಾಗಿ ಮಾಯದಿದ್ದರೆ ಅದು ಶಿಲೀಂಧ್ರದ ಸೋಂಕೋ ಕಬ್ಬಿಣ ಅಥವಾ ಬಿ ಜೀವಸತ್ವದ ಕೊರತೆಯೋ ಆಗಿರಬಹುದು, ಅದಕ್ಕೆ ಯಾವ ಬಾಮೂ ಮದ್ದಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ತುಟಿ ಒಣಗುವುದು ಆ ಔಷಧದಿಂದಲೇ. ಕೆಳತುಟಿಯಲ್ಲಿ ಬಿಳಿ ಕಲೆ ಅಥವಾ ಒರಟು ಹಕ್ಕಳೆ ವಾರಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

ನನಗೆ ಹೊಂದಿದ ಮಿಶ್ರಣ ನನ್ನ ತಂಗಿಗೆ ಹೊಂದಲಿಲ್ಲ, ಮೊಣಕೈಯ ಪರೀಕ್ಷೆಯಲ್ಲೇ ಜೇನುಮೇಣಕ್ಕೆ ಅವಳ ಚರ್ಮ ಕೆಂಪಾಯಿತು. ಅವಳಿಗಾಗಿ ಮೆಕ್ಸಿಕೊ ಕಡೆಯ ಗಿಡದಿಂದ ಬರುವ ಕ್ಯಾಂಡೆಲಿಲ್ಲಾ ಮೇಣವನ್ನು ತರಿಸಿದ್ದೇನೆ. ಅದು ಜೇನುಮೇಣಕ್ಕಿಂತ ಗಟ್ಟಿಯಾದ್ದರಿಂದ ಅರ್ಧದಷ್ಟು, 3 ಗ್ರಾಂ, ಸಾಕಾಗುತ್ತದೆ; ಸದ್ಯ ಅದನ್ನು ಎಣ್ಣೆಯೊಡನೆ ಮಾತ್ರ ಕರಗಿಸಿ ಅವಳ ಮೊಣಕೈಗೆ ಹಚ್ಚುತ್ತಿದ್ದೇವೆ, ಮುರುಗಲು ತುಪ್ಪದ ಸರದಿ ಅದಾದ ಮೇಲೆ.