ಕನ್‌ಸ್ಟ್ರಕ್ಟರ್‌ನಲ್ಲಿ ಒಂಬತ್ತು ಪ್ಯಾರಾಮೀಟರ್

ನಮ್ಮ ಇನ್‌ವಾಯ್ಸ್ ಸರ್ವೀಸ್‌ನ ಒಂದು ಟೆಸ್ಟ್ ಒಂಟಿಯಾಗಿ ಓಡಿಸಿದರೆ ಪಾಸ್ ಆಗುತ್ತಿತ್ತು. ಉಳಿದವುಗಳ ಜೊತೆ ಓಡಿಸಿದರೆ ಫೇಲ್. ಕಾರಣ ಹುಡುಕೋಕೆ ಎರಡು ದಿನ ಬೇಕಾಯ್ತು. ಮೇಲ್ ಕಳಿಸುವ ಆಬ್ಜೆಕ್ಟನ್ನು ಆ ಕ್ಲಾಸ್ ಸರ್ವೀಸ್ ಲೊಕೇಟರ್‌ನಿಂದ, ಅಂದರೆ ಕೇಳಿದ ಆಬ್ಜೆಕ್ಟನ್ನು ಹುಡುಕಿ ಕೊಡುವ ಒಂದು ಪಟ್ಟಿಯಿಂದ, ತಾನೇ ಕೇಳಿ ಪಡೆಯುತ್ತಿತ್ತು. ಲೊಕೇಟರ್ ಇಡೀ ಪ್ರೋಗ್ರಾಮ್‌ಗೆ ಒಂದೇ. ಮೊದಲು ಓಡಿದ ಬೇರೊಂದು ಟೆಸ್ಟ್ ತನ್ನ ಮಾಕ್ ಆಬ್ಜೆಕ್ಟನ್ನು (ಟೆಸ್ಟ್‌ಗಾಗಿ ಮಾಡಿದ ನಕಲಿ ಆಬ್ಜೆಕ್ಟ್) ಅದರಲ್ಲೇ ಬಿಟ್ಟು ಹೋಗಿತ್ತು.

ಡಿಪೆಂಡೆನ್ಸಿ ಇಂಜೆಕ್ಷನ್‌ಗೆ, ಅಂದರೆ ಆಬ್ಜೆಕ್ಟ್ ತಾನೇ ಹುಡುಕದೆ ಅದಕ್ಕೆ ಬೇಕಾದ್ದನ್ನು ಹೊರಗಿನಿಂದ ಕೊಡುವ ಪದ್ಧತಿಗೆ, ಬದಲಾಯಿಸಲು ಆಗಲೇ ತೀರ್ಮಾನಿಸಿದೆ. ಇದರ ಜೊತೆ ಕೇಳಿಬರುವ ಇನ್ವರ್ಷನ್ ಆಫ್ ಕಂಟ್ರೋಲ್ ಇದಕ್ಕಿಂತ ದೊಡ್ಡ ಮಾತು. ನಮ್ಮ ಕೋಡನ್ನು ಯಾವಾಗ ಕರೆಯಬೇಕು ಅನ್ನೋದನ್ನು ಫ್ರೇಮ್‌ವರ್ಕ್ ನಿರ್ಧರಿಸುತ್ತದೆ, ಅಷ್ಟೇ. ಆಮೇಲೆ ಕರೆಯಲಿ ಅಂತ ನಮ್ಮ ಫಂಕ್ಷನ್ ಒಪ್ಪಿಸೋದು, ಅಂದರೆ ಕಾಲ್‌ಬ್ಯಾಕ್ ಕೊಡೋದೂ ಇನ್ವರ್ಷನ್ನೇ. ಆಬ್ಜೆಕ್ಟ್‌ಗೆ ಬೇಕಾದ್ದನ್ನು ಹೊರಗಿನಿಂದ ಕೊಡೋದು ಅದರ ಒಂದು ಬಗೆ. ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನೋ ಹೆಸರು ಬಳಕೆಗೆ ಬಂದದ್ದು ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ಬರೆದ ಲೇಖನದಿಂದ. ಲೊಕೇಟರನ್ನೂ ಅವರು ಅಲ್ಲೇ ಪಕ್ಕದಲ್ಲಿಟ್ಟು ಹೋಲಿಸಿದ್ದರು.

ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಮೊದಲು ಫೀಲ್ಡ್ ಇಂಜೆಕ್ಷನ್ ಹಿಡಿದೆ, ಅಂದರೆ ಕ್ಲಾಸ್‌ನ ಒಳಗಿನ ಫೀಲ್ಡ್‌ಗಳನ್ನು (ವೇರಿಯಬಲ್‌ಗಳನ್ನು) ಫ್ರೇಮ್‌ವರ್ಕೇ ನೇರವಾಗಿ ತುಂಬಿಸೋದು. ಫೀಲ್ಡ್ ಮೇಲೆ ಆಟೋವೈರ್ಡ್ ಅಂತ ಬರೆದರೆ ಸಾಕು, ಕೋಡ್ ಚಿಕ್ಕದು. ಆದರೆ ಟೆಸ್ಟ್‌ನಲ್ಲಿ ನ್ಯೂ ಹಾಕಿ ಆಬ್ಜೆಕ್ಟ್ ಮಾಡಿದರೆ ಎಲ್ಲ ಫೀಲ್ಡ್‌ಗಳೂ ನಲ್, ಅಂದರೆ ಖಾಲಿ. ಸಣ್ಣ ಟೆಸ್ಟ್‌ಗೂ ಕಂಟೇನರ್ (ಆಬ್ಜೆಕ್ಟ್‌ಗಳನ್ನು ಮಾಡಿ ಜೋಡಿಸುವ ಸ್ಪ್ರಿಂಗ್‌ನ ಭಾಗ) ಎಬ್ಬಿಸಬೇಕು, ಇಲ್ಲವೇ ರಿಫ್ಲೆಕ್ಷನ್‌ನಿಂದ, ಅಂದರೆ ಪ್ರೋಗ್ರಾಮ್ ಓಡುವಾಗ ಕ್ಲಾಸ್‌ನ ಒಳಗೆ ಕೈಹಾಕಿ, ತುರುಕಬೇಕು. ಕ್ಲಾಸ್‌ಗೆ ಏನೇನು ಬೇಕು ಅಂತ ಹೊರಗಿನವರಿಗೆ ಗೊತ್ತೇ ಆಗೋದಿಲ್ಲ. ಈ ವಿಷಯದಲ್ಲಿ ಅದು ಲೊಕೇಟರ್‌ಗಿಂತ ಮೇಲೇನಲ್ಲ.

ಹಾಗಾಗಿ ಎಲ್ಲವನ್ನೂ ಕನ್‌ಸ್ಟ್ರಕ್ಟರ್‌ಗೆ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್‌ಗೆ, ಪ್ಯಾರಾಮೀಟರ್ ಆಗಿ ತಂದೆ. ಇನ್‌ವಾಯ್ಸ್ ಕ್ಲಾಸ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಒಂಬತ್ತು ಪ್ಯಾರಾಮೀಟರ್! ತೆರಿಗೆ ಲೆಕ್ಕ, ಪಿಡಿಎಫ್, ಮೇಲ್, ಆಡಿಟ್, ಎಲ್ಲ ಒಂದೇ ಕಡೆ. ಫೀಲ್ಡ್‌ಗಳಲ್ಲಿ ಚದುರಿ ಕೂತಿದ್ದಾಗ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ಕ್ಲಾಸ್ ಮಾಡಿ ಒಡೆದೆ.

ಇನ್ನೊಂದು ಗಂಟು ಆಮೇಲೆ ಸಿಕ್ಕಿತು. ಆ್ಯಪ್ ಶುರುವಾಗೋದೇ ನಿಂತುಹೋಯಿತು. ಗ್ರಾಹಕರ ಕ್ಲಾಸ್‌ಗೆ ಇನ್‌ವಾಯ್ಸ್ ಬೇಕು, ಇನ್‌ವಾಯ್ಸ್‌ಗೆ ಗ್ರಾಹಕರು ಬೇಕು. ಫೀಲ್ಡ್ ಇಂಜೆಕ್ಷನ್ ಇದ್ದಾಗ ಸ್ಪ್ರಿಂಗ್ ಈ ಸುತ್ತನ್ನು ಸದ್ದಿಲ್ಲದೆ ಸರಿದೂಗಿಸುತ್ತಿತ್ತು. ಕನ್‌ಸ್ಟ್ರಕ್ಟರ್‌ನಲ್ಲಿ ಅದು ಆಗೋದಿಲ್ಲ, ಒಂದು ಇಲ್ಲದೆ ಇನ್ನೊಂದು ಹುಟ್ಟೋದೇ ಇಲ್ಲ ಅಲ್ವಾ? ಸ್ಪ್ರಿಂಗ್ ಆ್ಯಪ್‌ಗಳನ್ನು ಸುಲಭವಾಗಿ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್‌ನಲ್ಲಿ 2.6ರಿಂದ ಫೀಲ್ಡ್ ಇಂಜೆಕ್ಷನ್ ಇದ್ದರೂ ಇಂಥ ಸುತ್ತುಗಳಿಗೆ ಡೀಫಾಲ್ಟ್ ಆಗಿಯೇ ಅನುಮತಿ ಇಲ್ಲ. ಬೇಕಾದಾಗ ಮಾತ್ರ ಆಬ್ಜೆಕ್ಟ್ ಮಾಡು ಅನ್ನೋ ಅರ್ಥದ ಲೇಜಿ ಅಂತ ಬರೆದು ದಾಟಬಹುದಿತ್ತು. ನಾನು ಬಾಕಿ ಲೆಕ್ಕವನ್ನು ಬೇರೆ ಕ್ಲಾಸ್‌ಗೆ ಹಾಕಿದೆ, ಸುತ್ತು ಬಿಚ್ಚಿಕೊಂಡಿತು.

ಸೆಟರ್ ಇಂಜೆಕ್ಷನ್ (ಆಬ್ಜೆಕ್ಟ್ ಹುಟ್ಟಿದ ಮೇಲೆ ಒಂದು ಮೆಥಡ್ ಮೂಲಕ ಕೊಡೋದು) ಈಗ ನಾನು ಬಳಸೋದು ಇದ್ದರೂ ಆಗುತ್ತೆ, ಇಲ್ಲದಿದ್ದರೂ ಆಗುತ್ತೆ ಅನ್ನುವಂಥ ವಸ್ತುಗಳಿಗೆ ಮಾತ್ರ. ಸಣ್ಣ ಕಮಾಂಡ್‌ಲೈನ್ ಟೂಲ್‌ಗಳಿಗೆ ಕಂಟೇನರ್ ಹಾಕೋದೇ ಬಿಟ್ಟೆ. ಮೇನ್‌ನಲ್ಲಿ ಇಪ್ಪತ್ತು ಸಾಲು ನ್ಯೂ ಬರೆಯುತ್ತೇನೆ. ಏನಾದರೂ ಕೊಡೋದು ಮರೆತರೆ ಕಂಪೈಲರ್ ತಕ್ಷಣ ಹೇಳುತ್ತದೆ. ಡ್ಯಾಗರ್ ಅನ್ನೋ ಡಿಪೆಂಡೆನ್ಸಿ ಇಂಜೆಕ್ಷನ್ ಟೂಲ್ ನನಗೆ ಇಷ್ಟವಾಗೋದೂ ಇದೇ ಕಾರಣಕ್ಕೆ, ಕೊರತೆಯನ್ನು ಅದೂ ಕಂಪೈಲ್ ಸಮಯದಲ್ಲೇ ತೋರಿಸುತ್ತದೆ.

ಲೊಕೇಟರ್ ಪೂರ್ತಿ ಹೋಗಿಲ್ಲ. ಪ್ರೋಗ್ರಾಮ್ ಓಡುವಾಗ ಹೆಸರು ನೋಡಿ ಪ್ಲಗಿನ್ ತರುವ ಜಾಗ ಒಂದಿದೆ. ಆ ಒಂದೇ ಫೈಲ್‌ನಲ್ಲಿ ಅದನ್ನು ಇಟ್ಟುಕೊಂಡಿದ್ದೇನೆ.