ಕರ್ನಲ್ ಸಂದೇಶಗಳನ್ನು ಕನ್ಸೋಲಿಗೆ ತಂದ ಬಗೆ

ತೀರ್ಥಹಳ್ಳಿ ಸಮೀಪದ ಅಡಿಕೆ ತೋಟವೊಂದರಲ್ಲಿ ಮಳೆಯ ಲೆಕ್ಕ ಬರೆದಿಡಲು ಲಿನಕ್ಸ್ ನಡೆಸುವ ಸಣ್ಣ ಬೋರ್ಡೊಂದನ್ನು ಇಟ್ಟಿದ್ದೇವೆ. ಮಳೆಗಾಲ ಹಿಡಿದ ಮೇಲೆ ಅದು ಆಗಾಗ ನಿಂತುಬಿಡುತ್ತಿತ್ತು. ಬೋರ್ಡಿನ ಸಂದೇಶಗಳು ಹೊರಬರುವ ಕನ್ಸೋಲಿನಲ್ಲಿ ಉಳಿಯುತ್ತಿದ್ದುದು 'ಐ/ಒ ಎರರ್' (ಓದು-ಬರಹದ ದೋಷ) ಎಂಬ ಸಾಲುಗಳು ಮಾತ್ರ. ನೋಡಿದವರೆಲ್ಲ ಡಿಸ್ಕ್ ಕೆಟ್ಟಿದೆ ಎಂದೇ ಹೇಳುತ್ತಿದ್ದರು. ಸಂದೇಶಗಳನ್ನು ಬರೆದಿಡುವ ಲಾಗ್ ಕಡತವಿದ್ದದ್ದೂ ಅದೇ ಯುಎಸ್‌ಬಿ ಡಿಸ್ಕಿನಲ್ಲಾದ್ದರಿಂದ ಆ ಹೊತ್ತಿನ ಸುದ್ದಿ ಅದರಲ್ಲಿ ಸಿಗುವಂತಿರಲಿಲ್ಲ.

ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಸಂದೇಶಗಳಿಗೆ 0ರಿಂದ 7ರವರೆಗೆ ದರ್ಜೆ ಕೊಡುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ವಿಷಯ ಗಂಭೀರ. ಕನ್ಸೋಲಿಗೆ ಗೊತ್ತುಮಾಡಿದ ಮಟ್ಟಕ್ಕಿಂತ ಕಡಿಮೆ ಸಂಖ್ಯೆಯವಷ್ಟೇ ಅಲ್ಲಿಗೆ ಬರುತ್ತವೆ. ನಮ್ಮ ಬೋರ್ಡಿನಲ್ಲಿ ಮಟ್ಟ 4 ಇದ್ದುದರಿಂದ 3ನೆಯ ದರ್ಜೆಯ ದೋಷ ಕಾಣುತ್ತಿತ್ತು, ಅದಕ್ಕೆ ಮುಂಚೆ ಬಂದಿರಬಹುದಾದ 6ನೆಯ ದರ್ಜೆಯ ಮಾಹಿತಿ ಕಾಣುತ್ತಿರಲಿಲ್ಲ.

ಬೂಟ್ ಸಾಲಿಗೆ, ಎಂದರೆ ಏಳುವಾಗ ಕರ್ನಲಿಗೆ ಕೊಡುವ ಸೂಚನೆಗಳ ಸಾಲಿಗೆ, 'ಲಾಗ್‌ಲೆವೆಲ್=7' ಸೇರಿಸುವುದು ಸುಲಭದ ದಾರಿ. ಆದರೆ ಆ ಸಾಲು ಕರ್ನಲನ್ನು ಎಬ್ಬಿಸುವ ಪ್ರೋಗ್ರಾಮಾದ ಬೂಟ್‌ಲೋಡರಿನೊಳಗೇ ಇತ್ತು, ದೂರದ ತೋಟದಲ್ಲಿರುವ ಬೋರ್ಡಿನ ಬೂಟ್‌ಲೋಡರ್ ಮುಟ್ಟುವುದು ನನಗೆ ಇಷ್ಟವಿರಲಿಲ್ಲ. ಕರ್ನಲನ್ನು ಹೇಗೂ ನಾನೇ ಕಂಪೈಲ್ ಮಾಡುತ್ತಿದ್ದೆ. ಕಂಪೈಲಿಗೆ ಮುಂಚೆ ಕರ್ನಲಿನ ಆಯ್ಕೆಗಳನ್ನು ಗೊತ್ತುಮಾಡುವ ಮೆನುಕಾನ್ಫಿಗ್‌ನ 'ಕರ್ನಲ್ ಹ್ಯಾಕಿಂಗ್' ವಿಭಾಗದಲ್ಲಿ, ಸಂದೇಶಗಳನ್ನು ಹೊರಗೆ ಕಳಿಸುವ ಪ್ರಿಂಟ್‌ಕೆ ಆಯ್ಕೆಗಳಿವೆ. ಅಲ್ಲಿ ಡೀಫಾಲ್ಟ್ ಮಟ್ಟ ಆಗಲೇ 7 ಇತ್ತು. ಹೆಚ್ಚಿನವರು ತಡವರಿಸುವುದು ಇಲ್ಲಿಯೇ. ಬೂಟ್ ಸಾಲಿನಲ್ಲಿ 'ಕ್ವಯಟ್' ಎಂಬ ಪದವಿದ್ದರೆ ಕರ್ನಲ್ ಆ ಡೀಫಾಲ್ಟನ್ನು ಬಿಟ್ಟು, ಪಕ್ಕದಲ್ಲೇ ಇರುವ 'ಕನ್ಸೋಲ್ ಲಾಗ್‌ಲೆವೆಲ್ ಕ್ವಯಟ್' ಎಂಬ ಬೇರೆ ಆಯ್ಕೆಯ ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ. ನಮ್ಮ ಬೂಟ್ ಸಾಲಿನಲ್ಲಿ ಆ ಪದವಿತ್ತು, ಹಾಗಾಗಿ ಈ ಸಂಖ್ಯೆಯನ್ನು 4ರಿಂದ 7ಕ್ಕೆ ಬದಲಿಸಿದೆ.

ಹೊಸ ಕರ್ನಲ್ ಏಳುವಾಗ ಸಂದೇಶಗಳು ಧಾರಾಳವಾಗಿ ಬಂದವು, ಆಮೇಲೆ ಮತ್ತೆ ಮೌನ. '/ಪ್ರೋಕ್/ಸಿಸ್/ಕರ್ನಲ್/ಪ್ರಿಂಟ್‌ಕೆ' ಎಂಬ ಕಡತ ತೆರೆದಾಗ ನಾಲ್ಕು ಸಂಖ್ಯೆಗಳಲ್ಲಿ ಮೊದಲನೆಯದು, ಎಂದರೆ ಕನ್ಸೋಲಿನ ಈಗಿನ ಮಟ್ಟ, 4 ಎಂದಿತ್ತು. ಕರ್ನಲ್ ಎದ್ದ ಮೇಲೆ ಅದರ ಮಟ್ಟಗಳನ್ನು ಹೊಂದಿಸುವ ಸಿಸ್‌ಸಿಟಿಎಲ್ ಕಡತದ ಒಂದು ಸಾಲು ಅದನ್ನು ಇಳಿಸುತ್ತಿತ್ತು. ಆ ಸಾಲನ್ನು ತೆಗೆದೆ.

ಬಳಿಕ ಕನ್ಸೋಲಿನ ಸಂದೇಶಗಳನ್ನು ಹೊರತರುವ ಸೀರಿಯಲ್ ತಂತಿಯನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಬಂದದ್ದೆಲ್ಲ ಅದರಲ್ಲಿ ಉಳಿಯುವಂತೆ ಮಾಡಿದೆ. ಮುಂದಿನ ಜೋರು ಮಳೆಯಲ್ಲಿ ಐ/ಒ ಎರರ್‌ಗಿಂತ ಮೊದಲೇ 'ಯುಎಸ್‌ಬಿ ಡಿಸ್‌ಕನೆಕ್ಟ್' ಎಂಬ ಸಾಲು ದಾಖಲಾಗಿತ್ತು. ಡಿಸ್ಕ್ ಚೆನ್ನಾಗಿಯೇ ಇತ್ತು. ಡಿಸ್ಕಿನ ಯುಎಸ್‌ಬಿ ತಂತಿಯ ತುದಿಗೆ ಕಿಲುಬು ಹಿಡಿದಿತ್ತು, ಮಲೆನಾಡಿನ ತೇವದಲ್ಲಿ ಅದೇನೂ ಹೊಸತಲ್ಲ.

ತಂತಿ ಬದಲಿಸಿದ ಮೇಲೂ ಮಟ್ಟವನ್ನು 7ರಲ್ಲೇ ಬಿಟ್ಟಿದ್ದೇನೆ. 7ನೆಯ ದರ್ಜೆಯ ಡೀಬಗ್ ಸಂದೇಶಗಳೂ ಬರಲೆಂದು 8ಕ್ಕೆ ಏರಿಸಿಲ್ಲ: ಸೀರಿಯಲ್ ತಂತಿಯ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ 80 ಅಕ್ಷರಗಳ ಒಂದು ಸಾಲು ಹೋಗಲು ಸುಮಾರು 7 ಮಿಲಿಸೆಕೆಂಡ್ ಬೇಕು, ಸಾಲುಗಳು ಹೆಚ್ಚಿದರೆ ಬೋರ್ಡೇ ನಿಧಾನವಾಗುತ್ತದೆ.